ರಿಬ್ಬನ್ನಿನ ಮೇಲೆ ಹೊರಿಸಿದ ಭಾರ

(ಸಲಹೆಗೆ ಬಂದವರ ಒಪ್ಪಿಗೆ ಪಡೆದು ಬರೆದ ಪ್ರಕರಣ. ಹೆಸರು, ಊರು ಮತ್ತು ಕುಟುಂಬದ ವಿವರಗಳನ್ನು ಬದಲಿಸಲಾಗಿದೆ.)

ಗಿರಿಜಾ ಅವರು ವಿಡಿಯೊ ಭೇಟಿಗೆ ಮೊದಲೇ ತಮ್ಮ ಗುರಿಗಳ ಪಟ್ಟಿಯನ್ನು ಕಳುಹಿಸಿದ್ದರು. ವರ್ಷಕ್ಕೆ ಹನ್ನೆರಡು ಕ್ವಿಲ್ಟ್ (ನಮ್ಮ ಕೌದಿಯಂತೆ ಪದರ ಹಾಕಿ ಹೊಲಿಯುವ ಹೊದಿಕೆ). ಊರಿನ ಪ್ರದರ್ಶನದಲ್ಲಿ ಮೊದಲ ಬಹುಮಾನದ ನೀಲಿ ರಿಬ್ಬನ್. ಮರುವರ್ಷ ಹ್ಯೂಸ್ಟನ್, ಅದರ ಮರುವರ್ಷ ಪಡೂಕಾ; ಎರಡೂ ಅಮೆರಿಕದ ದೊಡ್ಡ ಕ್ವಿಲ್ಟ್ ಸ್ಪರ್ಧೆಗಳು ನಡೆಯುವ ಊರುಗಳು. ಪಟ್ಟಿಯ ಕೆಳಗೆ ಎರಡು ಸಾಲುಗಳಿದ್ದವು: “ಇದರಲ್ಲಿ ಒಂದೂ ಆಗಲಿಲ್ಲ. ಈಗ ಸೂಜಿ ಹಿಡಿದರೆ ಅಳು ಬರುತ್ತದೆ.”

ಅವರಿಗೆ ನಲವತ್ತು ದಾಟಿದೆ. ಬಾಗಲಕೋಟೆ ಕಡೆಯವರು. ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದವರು ಪತಿಯ ಉದ್ಯೋಗಕ್ಕಾಗಿ ರಾಜೀನಾಮೆ ಕೊಟ್ಟು ಟೆಕ್ಸಾಸ್‌ಗೆ ಹೋದರು. ಅಲ್ಲಿ ಕೆಲಸಕ್ಕೆ ಬಂದವರ ಪತಿ ಅಥವಾ ಪತ್ನಿಗೆ, ಮಕ್ಕಳಿಗೆ ಕೊಡುವ ಎಚ್-4 ವೀಸಾ, ಸಂಬಳದ ಕೆಲಸ ಮಾಡುವ ಅನುಮತಿ ಇರಲಿಲ್ಲ. ನೆರೆಮನೆಯ ಹಿರಿಯ ಮಹಿಳೆಯೊಬ್ಬರು ಗಿರಿಜಾ ಅವರ ಮನೆಯ ಸೋಫಾದ ಮೇಲಿದ್ದ ಕೌದಿಯನ್ನು ಕಂಡು ತಮ್ಮ ಕ್ವಿಲ್ಟ್ ಸಂಘಕ್ಕೆ ಕರೆದುಕೊಂಡು ಹೋದರು. ಅಲ್ಲಿ ಅವರಿಗೆ ಗೆಳತಿಯರು ಸಿಕ್ಕರು. ಆಮೇಲೆ ಗುರಿಗಳು ಹುಟ್ಟಿಕೊಂಡವು.

ಅವ್ವನ ಹಳೆಯ ಇಳಕಲ್ ಸೀರೆಗಳನ್ನು ಪದರ ಹಾಕಿ, ಅಂಚಿನಿಂದ ಒಳಕ್ಕೆ ಸುತ್ತುತ್ತಾ ಕೈಯಲ್ಲೇ ಹೊಲಿದ ಕೌದಿಯನ್ನು ಅವರು ಸಂಘದ ಪ್ರದರ್ಶನಕ್ಕೆ ಇಟ್ಟರು. ಬಹುಮಾನ ಬರಲಿಲ್ಲ. ತೀರ್ಪುಗಾರರ ಷರಾ ಬಂತು: ಬಣ್ಣಗಳು ಕಣ್ಣು ಸೆಳೆಯುತ್ತವೆ, ಅಂಚು ನೇರವಿಲ್ಲ, ಹೊಲಿಗೆಗಳ ಅಳತೆ ಸಮವಿಲ್ಲ, ಅಂಚುಪಟ್ಟಿಯ ಮೂಲೆಗಳನ್ನು ಹೊಲಿದು ಮುಚ್ಚಬೇಕು, ಒಳಗಿನ ಹತ್ತಿ ತೆಳುವಾಗಿದೆ. ಆ ಚೀಟಿಯನ್ನು ಅವರು ತಿಂಗಳುಗಟ್ಟಲೆ ಪರ್ಸಿನಲ್ಲಿಟ್ಟುಕೊಂಡು ತಿರುಗಿದ್ದರು.

ಇಂಥ ಮಾತು ಕೇಳಿದಾಗ ಮೊದಲು ನೋಡಬೇಕಾದದ್ದು ಮನಸ್ಸಿನ ಆರೋಗ್ಯ. ನಿದ್ರೆ, ಹಸಿವು, ಬದುಕೇ ಬೇಡವೆನಿಸುವ ಯೋಚನೆಗಳ ಬಗ್ಗೆ ನೇರವಾಗಿ ಕೇಳಿದೆ. ಅಂಥ ಯೋಚನೆ ಇರಲಿಲ್ಲ. ನಿದ್ರೆ ಕೆಟ್ಟಿತ್ತು, ಬಲಗೈ ಮಣಿಕಟ್ಟು ನೋಯುತ್ತಿತ್ತು, ಆದರೆ ಮಗಳೊಂದಿಗೆ ಆಡುವುದರಲ್ಲಿ, ಅಡುಗೆಯಲ್ಲಿ ಸಂತೋಷ ಉಳಿದಿತ್ತು. ಎರಡು ವಾರಕ್ಕೂ ಹೆಚ್ಚು ಕಾಲ ಎಲ್ಲದರಲ್ಲೂ ಆಸಕ್ತಿ ಬತ್ತಿದರೆ ತಡಮಾಡದೆ ವೈದ್ಯರನ್ನು ಕಾಣಬೇಕೆಂದೂ, ಮಣಿಕಟ್ಟನ್ನು ಈಗಲೇ ತೋರಿಸಬೇಕೆಂದೂ ಹೇಳಿದೆ.

ಆ ಪಟ್ಟಿಯನ್ನು ಓದಿದಾಗ ನನಗೆ ಕಂಡದ್ದು ಬ್ಯಾಂಕಿನ ಟಾರ್ಗೆಟ್. ಇಷ್ಟು ಠೇವಣಿ, ಇಷ್ಟು ಸಾಲ, ಮಾರ್ಚ್ ಒಳಗೆ. “ನೀವು ಬಿಟ್ಟುಬಂದ ಕುರ್ಚಿಯನ್ನು ಈ ರಿಬ್ಬನ್ ಮರಳಿ ಕೊಡಬೇಕಿತ್ತೇ?” ಎಂದು ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: “ಊರಿನಿಂದ ಫೋನ್ ಮಾಡಿದವರೆಲ್ಲ ಈಗ ಏನು ಮಾಡುತ್ತೀ ಎಂದು ಕೇಳುತ್ತಾರೆ. ಬಹುಮಾನ ಬಂದಿದ್ದರೆ ಹೇಳಲು ಒಂದು ಮಾತಿರುತ್ತಿತ್ತು.”

ಈ ಪ್ರಕರಣದ ತಿರುಳು ಇದೇ ಎಂದು ನಾನು ನಂಬುತ್ತೇನೆ. ಹದಿನಾಲ್ಕು ವರ್ಷದ ನೌಕರಿ, ಸ್ವಂತ ಸಂಬಳ, ಜನ ಕೊಡುತ್ತಿದ್ದ ಗೌರವ, ಇವೆಲ್ಲ ಹೋದ ದುಃಖವನ್ನು ಒಂದು ಕೌದಿ ಹೊರಲಾರದು. ಆದ್ದರಿಂದ ಎರಡನ್ನೂ ಬೇರ್ಪಡಿಸಿದೆವು. ನೌಕರಿಯ ಪ್ರಶ್ನೆಗೆ ನೌಕರಿಯ ದಾರಿಯಲ್ಲೇ ಉತ್ತರ ಹುಡುಕಬೇಕು. 2015ರಿಂದ ಎಚ್-4 ವೀಸಾದವರಲ್ಲಿ ಕೆಲವರು ಕೆಲಸದ ಅನುಮತಿಗೆ ಅರ್ಜಿ ಹಾಕಬಹುದು. ಅದು ಪತಿ ಅಥವಾ ಪತ್ನಿಯ ಗ್ರೀನ್ ಕಾರ್ಡ್ ಪ್ರಕ್ರಿಯೆ ಯಾವ ಹಂತದಲ್ಲಿದೆ ಎಂಬುದನ್ನು ಅವಲಂಬಿಸಿದೆ. ವಲಸೆ ವಕೀಲರನ್ನು ಕಂಡು ಕೇಳಿ ಎಂದೆ. ಅನುಮತಿ ಇಲ್ಲದೆ ಕೌದಿ ಮಾರುವುದು, ನಗದು ಬಹುಮಾನ ಪಡೆಯುವುದು ತೊಡಕಾಗಬಹುದೇ ಎಂಬುದನ್ನೂ ಅವರಲ್ಲೇ ಕೇಳಬೇಕೆಂದೆ.

ಆಮೇಲೆ ಷರಾ ಚೀಟಿಯನ್ನು ಕೈಗೆತ್ತಿಕೊಂಡೆವು. ಒಂದೊಂದು ಸಾಲನ್ನೂ ಓದಿ, ಇದು ನನ್ನ ಕೈಕೆಲಸದ ಮಾತೋ, ಅವರ ಅಳತೆಗೋಲಿನ ಮಾತೋ ಎಂದು ವಿಂಗಡಿಸಲು ಹೇಳಿದೆ. ಹತ್ತಿ ತೆಳುವೆಂಬುದು ಅಳತೆಗೋಲಿನ ಮಾತು. ಅಮೆರಿಕದ ಕ್ವಿಲ್ಟಿನಲ್ಲಿ ಮೇಲಿನ ಬಟ್ಟೆಗೂ ಅಡಿಯ ಬಟ್ಟೆಗೂ ನಡುವೆ ಹತ್ತಿಯ ಅಥವಾ ಪಾಲಿಯೆಸ್ಟರಿನ ಪದರ ಇರುತ್ತದೆ. ಅವರ ಕೌದಿಯಲ್ಲಿ ಸೀರೆಗಳೇ ಪದರ. ಮೂಲೆ ಹೊಲಿದು ಮುಚ್ಚುವುದು ಕೈಕೆಲಸ, ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಸಮವಿಲ್ಲದ ಹೊಲಿಗೆಯ ಸಾಲು ಬಂದಾಗ “ಕೌದಿ ಎಂದರೆ ಹಾಗೇ ಅಲ್ಲವೇ?” ಎಂದರು. ನಿಮ್ಮ ಅವ್ವನ ಹೊಲಿಗೆ ಹೇಗಿತ್ತು ಎಂದು ಕೇಳಿದೆ. ಒಳಗಿನಿಂದ ಹಳೆಯ ಕೌದಿಯನ್ನು ತಂದು ಕ್ಯಾಮೆರಾ ಮುಂದೆ ಹಿಡಿದರು. ಅಕ್ಕಿಕಾಳು ಜೋಡಿಸಿದಂತೆ ಸಮನಾದ ಹೊಲಿಗೆ. “ನನ್ನದನ್ನು ಕೊನೆಯ ವಾರ ರಾತ್ರಿ ಎರಡು ಗಂಟೆಯವರೆಗೆ ಕೂತು ಮುಗಿಸಿದೆ” ಎಂದು ತಾವಾಗಿಯೇ ಹೇಳಿದರು.

ಆ ಮಾತಿನ ನಂತರ ಷರಾ ಅವರನ್ನು ಚುಚ್ಚಲಿಲ್ಲ. ಪರಂಪರೆ ಎಂಬುದು ಗಡಿಬಿಡಿಯ ಕೆಲಸಕ್ಕೆ ಹೊದಿಕೆಯಾಗಬಾರದು, ಹಾಗೆಯೇ ಪರದೇಶದ ಅಳತೆಗೋಲೊಂದೇ ಅಂತಿಮವೂ ಅಲ್ಲ. ಅಲಬಾಮಾದ ಜೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಮಹಿಳೆಯರು ಸವೆದ ಕೆಲಸದ ಬಟ್ಟೆಗಳಿಂದ ಹೊಲಿದ, ಗೆರೆ ಅಂಕುಡೊಂಕಾದ ಕ್ವಿಲ್ಟ್‌ಗಳನ್ನು 2002ರಲ್ಲಿ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯವೇ ಗೋಡೆಗೇರಿಸಿತು. ನಮ್ಮ ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಕೌದಿಯ ನಾಲ್ಕು ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂವು ಹೊಲಿಯುತ್ತಾರೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಅವರಲ್ಲೂ ನಿಯಮವಿದೆ, ಒಪ್ಪ ಓರಣವಿದೆ. ಯಾವ ನಿಯಮದಡಿ ಹೊಲಿಯುತ್ತೇನೆಂದು ಹೊಲಿಯುವವಳು ಮೊದಲೇ ತೀರ್ಮಾನಿಸಿಕೊಳ್ಳಬೇಕು, ಅಷ್ಟೇ.

ಗುರಿಗಳನ್ನು ಹೊಸದಾಗಿ ಬರೆಸಿದೆ. ನಿರ್ದಿಷ್ಟವಾದ, ಕಠಿಣವಾದ ಗುರಿ ಕೆಲಸವನ್ನು ಸುಧಾರಿಸುತ್ತದೆ ಎಂದು ಮನೋವಿಜ್ಞಾನಿಗಳಾದ ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ತೋರಿಸಿದ್ದನ್ನು ಬ್ಯಾಂಕಿನ ತರಬೇತಿಗಳಲ್ಲಿ ಕೇಳಿರುತ್ತೇವೆ. ಹೊಸದೂ ಸಂಕೀರ್ಣವೂ ಆದ ಕೌಶಲದಲ್ಲಿ ಫಲಿತಾಂಶದ ಗುರಿಗಿಂತ ಕಲಿಕೆಯ ಗುರಿ ಹೆಚ್ಚು ನೆರವಾಗುತ್ತದೆ ಎಂಬುದನ್ನೂ ಲೇಥಮ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಅದು ಟಾರ್ಗೆಟ್ ಸಭೆಗಳವರೆಗೆ ಬರುವುದು ಅಪರೂಪ. ರಿಬ್ಬನ್ ಇನ್ನೊಬ್ಬರ ಕೈಯಲ್ಲಿದೆ, ಆ ವರ್ಷ ಪಕ್ಕದಲ್ಲಿ ಯಾರ ಕೆಲಸ ತೂಗುತ್ತದೆ ಎಂಬುದರಲ್ಲಿದೆ. ಹೊಲಿಗೆ ಗಿರಿಜಾ ಅವರ ಕೈಯಲ್ಲಿದೆ. ಹಾಗಾಗಿ ಹನ್ನೆರಡರ ಬದಲು ವರ್ಷಕ್ಕೆ ಒಂದು ದೊಡ್ಡ ಕೌದಿ, ಕಲಿಕೆಗೆ ಎರಡು ಚಿಕ್ಕವು. ಮೊದಲ ಚಿಕ್ಕದರಲ್ಲಿ ಮೂಲೆ ಮಾತ್ರ ಕಲಿಯುವುದು, ಎರಡನೆಯದರಲ್ಲಿ ಹೊಲಿಗೆಯ ಅಳತೆ. ಯಾವಾಗ, ಎಲ್ಲಿ ಎಂಬುದನ್ನೂ ಬರೆದರು: ಮಗಳು ಶಾಲೆಯ ಬಸ್ ಹತ್ತಿದ ಮೇಲೆ, ಕಿಟಕಿಯ ಬಳಿ, ನಲವತ್ತು ನಿಮಿಷ, ಮಣಿಕಟ್ಟು ನೊಂದರೆ ಆ ದಿನ ಬಟ್ಟೆ ಕತ್ತರಿಸುವುದು ಮಾತ್ರ. ರಾತ್ರಿ ಹೊಲಿಗೆ ಇಲ್ಲ.

ಪತಿ ಒಂದು ಭೇಟಿಗೆ ಬಂದರು. ಅಂಗಡಿಯಲ್ಲಿ ನಲವತ್ತು ಡಾಲರಿಗೆ ಹೊದಿಕೆ ಸಿಗುತ್ತದೆ ಎಂದು ಒಮ್ಮೆ ಅಂದದ್ದು ಮನೆಯಲ್ಲಿ ಗಾಯವಾಗಿ ಉಳಿದಿತ್ತು. ಕೆಟ್ಟ ಮನುಷ್ಯರಲ್ಲ; ಹೆಂಡತಿ ರಾತ್ರಿಯೆಲ್ಲ ಕೂರುವುದನ್ನು ನೋಡಲಾಗದೆ ಆಡಿದ ಮಾತು. ಹಾಗೆಂದು ಅವರ ಬಾಯಲ್ಲೇ ಆ ದಿನ ಬಂತು. ಸ್ಪರ್ಧೆಯ ಅರ್ಜಿಗೆ ಬೇಕಾದ ಕೌದಿಯ ಫೋಟೊಗಳನ್ನು ತೆಗೆಯುವ ಕೆಲಸ ಅವರ ಪಾಲಿಗೆ ಬಂತು.

ಫೋಟೊ ಸಣ್ಣ ವಿಷಯವಲ್ಲ. ಹ್ಯೂಸ್ಟನ್ನಿನ ಉತ್ಸವದಲ್ಲಿ ನಡೆಯುವ ಸ್ಪರ್ಧೆಗೂ, ಕೆಂಟುಕಿಯ ಪಡೂಕಾದಲ್ಲಿ 1985ರಿಂದ ನಡೆಯುತ್ತಿರುವ ಸ್ಪರ್ಧೆಗೂ ಮೊದಲ ಆಯ್ಕೆ ಫೋಟೊ ನೋಡಿಯೇ. ಇಡೀ ಕ್ವಿಲ್ಟಿನದೊಂದು, ಹೊಲಿಗೆ ಕಾಣುವಂತೆ ಹತ್ತಿರದಿಂದ ತೆಗೆದದ್ದೊಂದು. ಅಲ್ಲಿ ತಿರಸ್ಕಾರವಾದರೆ ನಿಮ್ಮ ಹೊಲಿಗೆಯನ್ನು ಯಾರೂ ಮುಟ್ಟಿ ನೋಡಿಲ್ಲವೆಂದೇ ಅರ್ಥ. ಅದರಿಂದ ಕಲಿಯುವುದು ಕಡಿಮೆ. ಸಂಘದ ಪ್ರದರ್ಶನ, ಕೌಂಟಿ (ಅಲ್ಲಿನ ಜಿಲ್ಲೆ) ಜಾತ್ರೆ ಇಂಥಲ್ಲಿ ಕೈಯಲ್ಲಿ ಹಿಡಿದು ನೋಡುತ್ತಾರೆ. ಕೆಲವು ಕಡೆ ತೀರ್ಪು ಬೇಡ, ಪ್ರದರ್ಶನಕ್ಕಷ್ಟೇ ಎಂದು ಇಡಲೂ ಬಹುದು. ಎರಡು ವರ್ಷ ಅಲ್ಲೇ ಇರಿ ಎಂದು ಸಲಹೆ ಕೊಟ್ಟೆ. ಪ್ರತಿ ಬಾರಿ ಕೌದಿ ಕಳುಹಿಸುವ ಮುನ್ನವೇ ಆ ಪ್ರದರ್ಶನದಿಂದ ತಿಳಿಯಬೇಕಾದ ಒಂದು ಪ್ರಶ್ನೆಯನ್ನು ಬರೆದಿಡಬೇಕು, ಷರಾ ಬಂದಾಗ ಮೊದಲು ಆ ಪ್ರಶ್ನೆಗೆ ಉತ್ತರ ಹುಡುಕಬೇಕು.

ಕೌಂಟಿ ಜಾತ್ರೆಯ ಅರ್ಜಿಯಲ್ಲಿ ಕೃತಿಯ ವಿವರಕ್ಕೆ ನಾಲ್ಕು ಸಾಲಿನ ಜಾಗವಿತ್ತು. ಅಲ್ಲಿ ಏನು ಬರೆಯಲಿ ಎಂದು ಕೇಳಿದರು. ತವರಿನ ನೆನಪುಗಳನ್ನು ಬಿಟ್ಟು ಕೆಲಸವನ್ನು ಬರೆಯಿರಿ ಎಂದೆ: ಉತ್ತರ ಕರ್ನಾಟಕದ ಕೌದಿ, ಹಳೆಯ ಸೀರೆಗಳ ಪದರ, ಒಳಗೆ ಹತ್ತಿ ಹಾಕುವುದಿಲ್ಲ, ಅಂಚಿನಿಂದ ನಡುವಿಗೆ ಕೈಹೊಲಿಗೆ. ಏನನ್ನು ನೋಡಬೇಕೆಂದು ತೀರ್ಪುಗಾರರಿಗೆ ಅದರಿಂದ ತಿಳಿಯುತ್ತದೆ. ಈ ಬಾರಿಯ ಅವರ ಪ್ರಶ್ನೆ ಹೊಲಿಗೆಯ ಸಮತೆಯ ಬಗ್ಗೆ ಇತ್ತು. “ಹೊಲಿಗೆ ಸಮವಾಗಿದೆ, ತೂಗುಹಾಕುವ ತೋಳುಪಟ್ಟಿ ಸಡಿಲ” ಎಂಬ ಷರಾ ಬಂತು, ಬಹುಮಾನ ಬರಲಿಲ್ಲ. ತೋಳುಪಟ್ಟಿ ಎಂದರೆ ಕೋಲು ತೂರಿಸಿ ತೂಗುಹಾಕಲು ಹಿಂಬದಿಗೆ ಹೊಲಿಯುವ ಬಟ್ಟೆಯ ಕೊಳವೆ; ಅದನ್ನು ಹೊಲಿಯುವುದನ್ನು ನೆರೆಮನೆಯವರಿಂದ ಕಲಿಯುತ್ತಿದ್ದಾರೆ. ಕೆಲಸದ ಅನುಮತಿಗೆ ಅರ್ಜಿ ಹೋಗಿದೆ.