ಮಗಳು ಊರು ಬಿಟ್ಟ ಮೇಲೆ ಮನೆ ಬಿಕೋ ಅನ್ನುತ್ತದೆ, ಏನು ಮಾಡಲಿ?

ಮಗಳನ್ನು ಬೆಂಗಳೂರಿನ ಬಸ್ಸು ಹತ್ತಿಸಿ ಶಿರಸಿಯ ಮನೆಗೆ ಬಂದರೆ ಅಳು ಬರುತ್ತದೆ ಅಂದಿರಿ. ಬಂದರೆ ಅತ್ತುಬಿಡಿ. ಇದು ಕಾಯಿಲೆಯಲ್ಲ. ಹೆಚ್ಚಿನವರಿಗೆ ನಿಧಾನಕ್ಕೆ ಹಗುರಾಗುತ್ತದೆ.

ಕಾರಣ ಪ್ರೀತಿಯೊಂದೇ ಅಲ್ಲ, ರೂಢಿಯೂ ಹೌದು. 20 ವರ್ಷ ನಿಮ್ಮ ದಿನ ಅವಳ ಸುತ್ತಲೇ ತಿರುಗಿದೆ. ಸಂಜೆಯಾದರೆ ಕಿವಿ ಗೇಟಿನ ಸದ್ದಿಗೆ ಕಾಯುತ್ತದೆ. ಕೈ ತಾನಾಗಿ ಎರಡು ತೆಳ್ಳೇವು (ತೆಳು ದೋಸೆ) ಜಾಸ್ತಿ ಎರೆಯುತ್ತದೆ. ಈ ಕಾಯುವಿಕೆಯನ್ನು ಮಿದುಳು ಮರೆಯಲು ಸಮಯ ಬೇಕು. ಸುಮ್ನೆ ಕೂತರೆ ಇನ್ನೂ ತಡ. ಅದೇ ಹೊತ್ತಿಗೆ ಮಾರಿಕಾಂಬೆ ಗುಡಿಯವರೆಗೆ ನಡೆದು ಬನ್ನಿ, ಜೊತೆಗೆ ಯಾರಾದರೂ ಸಿಕ್ಕರೆ ಒಳ್ಳೆಯದೇ. ದಿನಕ್ಕೆ ಹತ್ತು ಫೋನ್ ಬೇಡ, ಅವಳಿಗೂ ಕಷ್ಟ ಅಲ್ವಾ?

ಎರಡು ವಾರ ಕಳೆದರೂ ಊಟ, ನಿದ್ದೆ ಸರಿಹೋಗದಿದ್ದರೆ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ (14416) ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.