ತಮ್ಮ 8 ತಿಂಗಳಿಂದ ಓಣಿ ದಾಟಿಲ್ಲ. ಇದು ಕಾಯಿಲೆಯಾ? ವಾಸಿ ಆಗುತ್ತಾ?

ಕಾಯಿಲೆಯೇ. ವಾಸಿಯಾಗುವ ಕಾಯಿಲೆ. ಇವೆರಡನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ನಿಮ್ಮ ಪ್ರಶ್ನೆ ಓದುವಾಗ ನಮ್ಮ ಮನೆಯ ಮಾತೇ ಕೇಳಿಸಿದಂತಾಯಿತು. ನೀವು ಬರೆದ ಹಾಗೆ, ಬೈಲಹೊಂಗಲದಿಂದ ಬೆಳಗಾವಿಗೆ ಕೆಲಸಕ್ಕೆ ಬರುತ್ತಿದ್ದ ನಿಮ್ಮ ತಮ್ಮ, ತುಂಬಿದ ಬಸ್ಸಿನಲ್ಲಿ ಎದೆ ಬಡಿದುಕೊಂಡು, ಉಸಿರು ಸಿಗದಂತಾಗಿ ನಡುದಾರಿಯಲ್ಲಿ ಇಳಿದ. ಇಸಿಜಿ ಸರಿಯಾಗೇ ಬಂತು. ಆಮೇಲೆ ಬಸ್ಸು ಬಿಟ್ಟ, ಸಂತೆ ಬಿಟ್ಟ, ಈಗ ಕಟಿಂಗ್ ಮಾಡಿಸಲಿಕ್ಕೂ ಹೊರಗೆ ಹೋಗಲ್ಲ. ಅಪ್ಪ ಮೈಗಳ್ಳ ಅಂತಾರೆ, ಅಜ್ಜಿ ಗಾಳಿ ಸೋಕೇತಿ ಅಂತಾರೆ. ಮೇ ತಿಂಗಳಲ್ಲಿ ವಿಜಯಪುರದಲ್ಲಿ ನಿಮ್ಮ ಮದುವೆ, ಅವನು ಬರ್ತಾನೋ ಇಲ್ಲವೋ ಅನ್ನುವುದು ನಿಮ್ಮ ಚಿಂತೆ.

ನಾನು ಡಾಕ್ಟರ್ ಅಲ್ಲ. ಬೆಳಗಾವಿಯ ಟಿಳಕವಾಡಿಯಲ್ಲಿ ಬ್ಲೌಸ್ ಹೊಲಿಯುವವಳು. ನಿಮ್ಮ ತಮ್ಮ ಈಗ ಎಲ್ಲಿದ್ದಾನೋ ಅಲ್ಲಿ ನಾನು ಸುಮಾರು ಎರಡು ವರ್ಷ ಇದ್ದೆ.

ನನಗೆ ಶುರುವಾದದ್ದು ಎರಡನೇ ರೈಲ್ವೆ ಗೇಟಿನಲ್ಲಿ. ಗೇಟ್ ಹಾಕಿತ್ತು. ಮುಂದೆ ಇಟ್ಟಿಗೆ ಟೆಂಪೋ, ಹಿಂದೆ ಆಟೋ, ಆಚೀಚೆ ಸ್ಕೂಟರ್‌ಗಳು. ಲೋಂಡಾ ಕಡೆಯಿಂದ ಗೂಡ್ಸ್ ಗಾಡಿ, ಡಬ್ಬಿ ಮುಗಿಯುವುದೇ ಇಲ್ಲ. ಮೊದಲು ಬೆರಳ ತುದಿ ಜುಮ್ಮೆಂದವು, ಆಮೇಲೆ ತುಟಿಯ ಸುತ್ತ. ಟೆಂಪೋದ ಹಿಂದೆ ಬರೆದ ಅಕ್ಷರ ಕಾಣುತ್ತಿವೆ, ಓದಲು ಬರುತ್ತಿಲ್ಲ. ಇಲ್ಲೇ ಬಿದ್ದು ಸಾಯುತ್ತೇನೆ ಅನ್ನಿಸಿತು. ಚಾವಿ ಸಮೇತ ಸ್ಕೂಟರ್ ಅಲ್ಲೇ ಬಿಟ್ಟು, ಗಾಡಿಗಳ ಸಂದಿಯಲ್ಲಿ ತೂರಿ ಓಡಿದೆ. ನೂರು ಹೆಜ್ಜೆ ಹೋಗುವಷ್ಟರಲ್ಲಿ ಆರಾಮ ಆಯಿತು. ಆ ಆರಾಮೇ ನನ್ನನ್ನು ಹಾಳು ಮಾಡಿದ್ದು. ಓಡಿದೆ, ಅದಕ್ಕೇ ಉಳಿದೆ ಎಂದು ತಲೆ ಕಲಿತುಬಿಟ್ಟಿತು. ಮುಂದೆ ಗೇಟ್ ಬೇಡವಾಯಿತು, ಆಮೇಲೆ ಗಣಪತಿ ಗಲ್ಲಿ, ಆಮೇಲೆ ಕಪಿಲೇಶ್ವರ ಗುಡಿಯ ಸಾಲು. ಕೊನೆಗೆ ಕಸದ ಗಾಡಿ ಬಂದರೂ ಬಾಗಿಲಾಚೆ ಯಜಮಾನರೇ ಹೋಗಬೇಕು.

ಇದಕ್ಕೆ ಅಗೋರಾಫೋಬಿಯಾ ಅಂತಾರೆ. ಅಗೋರಾ ಅಂದರೆ ಹಳೆಯ ಗ್ರೀಕ್ ಊರಿನ ಪೇಟೆ, ಜನ ಸೇರುವ ಬಯಲು. ಬರ್ಲಿನ್ನಿನ ಮನೋವೈದ್ಯ ಕಾರ್ಲ್ ವೆಸ್ಟ್‌ಫಾಲ್ 1871ರಲ್ಲಿ ಈ ಹೆಸರು ಕೊಟ್ಟರು. ಅವರು ಬರೆದ ಮೂವರು ರೋಗಿಗಳೂ ಗಂಡಸರು, ಊರ ಚೌಕ ಒಬ್ಬರೇ ದಾಟಲಾಗದವರು. ‘ಗಂಡಸಾಗಿ ಅಂಜ್ತೀಯಾ’ ಅನ್ನುವವರಿಗೆ ಇದನ್ನು ಹೇಳಿ. ಆದರೆ ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಭಯ ಪೇಟೆಯದಲ್ಲ. ಅಲ್ಲಿ ಏನಾದರೂ ಆದರೆ ಹೊರಬರಲಾಗುವುದಿಲ್ಲ, ಯಾರೂ ನೆರವಿಗೆ ಬರುವುದಿಲ್ಲ ಅನ್ನುವ ಭಯ. ಬಸ್ಸು ರೈಲು, ಬಟಾಬಯಲು, ಮುಚ್ಚಿದ ಜಾಗ, ಸಾಲು ಅಥವಾ ಗದ್ದಲ, ಒಬ್ಬರೇ ಮನೆಯ ಹೊರಗಿರುವುದು, ಈ ಐದರಲ್ಲಿ ಎರಡಾದರೂ ಹೀಗೆ ಕಾಡುತ್ತಾ ಸುಮಾರು 6 ತಿಂಗಳು ದಾಟಿದರೆ ವೈದ್ಯರು ಈ ಹೆಸರು ಬರೆಯುತ್ತಾರೆ. ನಿಮ್ಮ ತಮ್ಮನದು ಅದೇ ಎಂದು ನಾನು ಬರೆಯಲಾರೆ, ಅವರು ನೋಡಿ ಹೇಳಬೇಕು. ಥೈರಾಯ್ಡ್, ರಕ್ತಹೀನತೆ ಒಮ್ಮೆ ಪರೀಕ್ಷೆ ಆಗಲಿ. ಅವೂ ಎದೆ ಬಡಿತ ಏರಿಸುತ್ತವೆ.

ಅವನಿಗೆ ಒಂದು ವಿಷಯ ತಿಳಿಸಿ ಹೇಳಿ, ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಒಂದು ವರ್ಷ ಉಳಿಯುತ್ತಿತ್ತು. ಅಂಜಿದಾಗ ನಾವು ಬೇಗಬೇಗ ಉಸಿರಾಡುತ್ತೇವೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಅದರಿಂದಲೇ ಬೆರಳು ಜುಮ್ಮೆನ್ನುವುದು, ತಲೆ ತಿರುಗುವುದು. ಬೀಳುತ್ತೇನೆ ಅನ್ನಿಸುತ್ತದೆ, ಆದರೆ ಬೀಳುವುದು ಬಹಳ ಅಪರೂಪ. ಎಚ್ಚರ ತಪ್ಪುವುದು ಸಾಮಾನ್ಯವಾಗಿ ರಕ್ತದೊತ್ತಡ ಕುಸಿದಾಗ. ಗಾಬರಿಯಲ್ಲಿ ಅದು ಏರಿರುತ್ತದೆ. ಆ ಅಲೆ ಕೆಲವೇ ನಿಮಿಷಗಳಲ್ಲಿ ತುದಿ ಮುಟ್ಟಿ ತಾನಾಗಿ ಇಳಿಯುತ್ತದೆ. ಅದು ಇಳಿಯುವ ತನಕ ನಾವು ಅಲ್ಲಿ ನಿಲ್ಲುವುದಿಲ್ಲ, ಅಷ್ಟೇ.

ಚಿಕಿತ್ಸೆಗೆ ಬರುತ್ತೇನೆ. ಮೊದಲು ತೋರಿಸಿದ ಒಬ್ಬ ವೈದ್ಯರು ‘ಟೆನ್ಶನ್ ತಗೋಬ್ಯಾಡ್ರಿ’ ಎಂದು ಅಲ್ಪ್ರಜೊಲಾಮ್ ಬರೆದುಕೊಟ್ಟರು. ತಿಂಗಳುಗಟ್ಟಲೆ ನುಂಗಿದೆ. ನುಂಗಿದ ಹೊತ್ತಿಗೆ ಹಾಯ್ ಅನಿಸುತ್ತದೆ, ಆದರೆ ಅದು ಚಟವಾಗುವ ಗುಳಿಗೆ, ಕೆಲವೇ ದಿನದ ಮಟ್ಟಿಗೆ ಕೊಡಬೇಕಾದದ್ದು. ಯಾರೂ ನನಗೆ ಅದನ್ನು ಹೇಳಲಿಲ್ಲ, ಆ ನೋವು ಇನ್ನೂ ಇದೆ. ಆಮೇಲೆ ಮನೋವೈದ್ಯರು ಅದನ್ನು ನಿಧಾನಕ್ಕೆ ಇಳಿಸಿ, ಸರ್ಟ್ರಾಲಿನ್ ಎಂಬ ಬೇರೆ ಗುಳಿಗೆಯನ್ನು ಸಣ್ಣ ಪ್ರಮಾಣದಲ್ಲಿ ಶುರು ಮಾಡಿದರು. ಇಂಥ ಗುಳಿಗೆ ಕೆಲಸ ಹಿಡಿಯಲು ಕೆಲವು ವಾರ ಬೇಕು. ಮೊದಲ ವಾರ ಗಾಬರಿ ಸ್ವಲ್ಪ ಹೆಚ್ಚಿದರೂ ಹೆಚ್ಚೀತು, ಆಗ ಬಿಟ್ಟುಬಿಡದೆ ವೈದ್ಯರಿಗೆ ತಿಳಿಸಬೇಕು. ಆರಾಮ ಆದ ಮೇಲೂ ತಿಂಗಳುಗಟ್ಟಲೆ ಮುಂದುವರಿಸುತ್ತಾರೆ. ತಾವಾಗಿ ನಿಲ್ಲಿಸಬಾರದು.

ಗುಳಿಗೆ ಜೊತೆಗೆ ಸಿಬಿಟಿ ಮಾಡಿಸಬೇಕು ಅಂದರು. ಬೆಳಗಾವಿಯವರಿಗೆ ಸಿಬಿಟಿ ಅಂದರೆ ಬಸ್ ಸ್ಟ್ಯಾಂಡ್. ನನಗೆ ಹೆಸರು ಕೇಳಿಯೇ ಕೈ ಬೆವತವು, ಅಲ್ಲಿ ಕರೆದೊಯ್ಯುತ್ತಾರೇನೋ ಎಂದು. ಇದು ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಆಲೋಚನೆಯನ್ನೂ ನಡವಳಿಕೆಯನ್ನೂ ತಿದ್ದುವ ಚಿಕಿತ್ಸೆ. ಅಂಜಿಕೆಯ ಜಾಗಗಳನ್ನು ಮೆಟ್ಟಿಲಿನಂತೆ ಬರೆಸಿದರು. ಓಣಿ ಮೂಲೆಯ ಕಿರಾಣಿ ಅಂಗಡಿ ಕೆಳಗೆ, ಮುಚ್ಚಿದ ರೈಲ್ವೆ ಗೇಟ್ ಎಲ್ಲಕ್ಕಿಂತ ಮೇಲೆ. ಕೋಣೆಯಲ್ಲೇ ತಿರುಗುವ ಸ್ಟೂಲಿನ ಮೇಲೆ ಒಂದು ನಿಮಿಷ ಗಿರಗಿರನೆ ತಿರುಗಿಸಿದರು, ಸಣ್ಣ ಸ್ಟ್ರಾದಲ್ಲಿ ಉಸಿರಾಡಿಸಿದರು. ತಲೆ ತಿರುಗಿತು, ಎದೆ ಬಡಿಯಿತು, ಏನೂ ಆಗಲಿಲ್ಲ. ಮೈಯ ಸದ್ದಿಗೇ ಅಂಜುವವರಿಗೆ ಇದು ದೊಡ್ಡ ಪಾಠ.

ಒಂದು ನೋಟ್‌ಬುಕ್ ಇನ್ನೂ ಇಟ್ಟುಕೊಂಡಿದ್ದೇನೆ. ಗಣಪತಿ ಗಲ್ಲಿಯಲ್ಲಿ ಹುಕ್ಕು, ಲೇಸು ಮಾರುವ ಅಂಗಡಿಯ ಮುಂದೆ ಒಬ್ಬಳೇ ನಿಂತು ಬರೆದದ್ದು. ಹತ್ತಕ್ಕೆ ಎಷ್ಟು ಭಯ ಎಂಬ ಲೆಕ್ಕ. 11:10ಕ್ಕೆ 8. 11:20ಕ್ಕೆ 9. ಆ 9 ಅಡ್ಡಾದಿಡ್ಡಿ, ಪೆನ್ನು ಕಾಗದವನ್ನು ಹರಿದಿದೆ. 11:35ಕ್ಕೆ 6. 11:50ಕ್ಕೆ 3. ಅದರ ಕೆಳಗೆ ‘ಕೆಂಪು ಲೇಸು 2 ಮೀಟರ್’ ಎಂದು ಬರೆದಿದ್ದೇನೆ, ಅಂದರೆ ಅಷ್ಟೊತ್ತಿಗೆ ಕೆಲಸ ನೆನಪಾಗಿತ್ತು. ಎಲ್ಲ ದಿನ ಹೀಗೆ ಇಳಿಯಲಿಲ್ಲ. ಒಂದು ದಿನ 7ರಲ್ಲೇ ಉಳಿಯಿತು, ಅಳುತ್ತಾ ಹೋಗಿ ಹೇಳಿದೆ. ಕೌನ್ಸೆಲರ್ ಕೇಳಿದರು, ‘ಬಿದ್ರೇನು?’ ಇಲ್ಲ ಅಂದೆ. ‘ಮತ್ತ, ಬೀಳ್ತೀನಿ ಅಂತ ಬರ್ದಿದ್ರಲ್ಲ?’ ಭಯ ಇದ್ದೂ ನಿಲ್ಲಬಹುದು ಎಂದು ನನಗೆ ಅವತ್ತು ತಿಳಿಯಿತು.

ನೀರಿನ ಬಾಟಲಿ, ಪರ್ಸಿನಲ್ಲಿ ಗುಳಿಗೆ, ಫೋನಿನಲ್ಲಿ ಯಜಮಾನರ ದನಿ, ಇವನ್ನೂ ಒಂದೊಂದಾಗಿ ಬಿಡಿಸಿದರು. ಇವು ಕೈಯಲ್ಲಿರುವ ತನಕ ಉಳಿಸಿದ್ದು ಅವೇ ಎಂದು ಮನಸ್ಸು ಹೇಳುತ್ತಿರುತ್ತದೆ. ಯಜಮಾನರಿಗೆ ಇದು ನನಗಿಂತ ಕಷ್ಟವಾಯಿತು. ಪ್ರೀತಿಯಿಂದಲೇ ಎಲ್ಲ ಕೆಲಸ ತಮ್ಮ ಮೇಲೆ ಹಾಕಿಕೊಂಡಿದ್ದರು. ಗಲ್ಲಿಯ ಬಾಯಿಯಲ್ಲಿ ನನ್ನನ್ನು ಬಿಟ್ಟು ಹಿಂತಿರುಗಿ ನೋಡದೆ ಹೋಗಬೇಕಿತ್ತು. ಹೋದರು.

ನಿಮಗೂ ಅದನ್ನೇ ಕೇಳುತ್ತೇನೆ. ಅವನ ಕೆಲಸ ಎಲ್ಲವನ್ನೂ ನೀವು ಮಾಡಿಕೊಡಬೇಡಿ, ಬೈದು ಎಳೆದೊಯ್ಯಲೂ ಬೇಡಿ. ಮೆಟ್ಟಿಲು ಅವನು ಆರಿಸಲಿ. ಹೊರಗೇ ಬರಲಾರದವನನ್ನು ಆಸ್ಪತ್ರೆಗೆ ಹೇಗೆ ಒಯ್ಯುವುದು ಅನ್ನುತ್ತೀರಿ. ಮೊದಲು ಫೋನ್ ಸಾಕು: ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, 14416. ಸರ್ಕಾರದ್ದು, 2022ರಿಂದ ಇದೆ, ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬಂದು ನೋಡುವ ಮನೋಚೈತನ್ಯ ಕ್ಲಿನಿಕ್ ಯಾವ ಮಂಗಳವಾರ ಎಂದು ವಿಚಾರಿಸಿ. ಹೆಚ್ಚಿನದಕ್ಕೆ ಬೆಳಗಾವಿಯ ಜಿಲ್ಲಾ ಆಸ್ಪತ್ರೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇವೆ. ಸಾಯುವ ಮಾತು ಬಂದರೆ ಕಾಯಬೇಡಿ, ಅದೇ ದಿನ ಕರೆದೊಯ್ಯಿರಿ. ಅಜ್ಜಿ ದೃಷ್ಟಿ ತೆಗೆಯುತ್ತೇನೆ ಅಂದರೆ ತೆಗೆಯಲಿ, ಚಿಕಿತ್ಸೆ ಮಾತ್ರ ನಿಲ್ಲದಿರಲಿ.

ಮದುವೆಯ ಮಾತು. ಅದನ್ನು ಅವನಿಗೆ ಪರೀಕ್ಷೆ ಮಾಡಬೇಡಿ. ಈಗಲೇ ಶುರು ಮಾಡಿದರೆ ಮೇ ಹೊತ್ತಿಗೆ ಬರುವ ಸಾಧ್ಯತೆ ಚೆನ್ನಾಗಿಯೇ ಇದೆ. ಮೊದಲು ನಿಂತ ಬಸ್ಸಿನಲ್ಲಿ ಕೂರಲಿ, ಆಮೇಲೆ ಒಂದು ಸ್ಟಾಪ್, ಆಮೇಲೆ ಬೆಳಗಾವಿ. ವಿಜಯಪುರಕ್ಕೆ ಹಿಂದಿನ ದಿನವೇ ಬಂದು, ಕಲ್ಯಾಣ ಮಂಟಪ ಖಾಲಿ ಇರುವಾಗ ಒಳಗೆ ಅಡ್ಡಾಡಲಿ. ಗದ್ದಲದಲ್ಲಿ ತಡೆಯದಾಗಿ ಹೊರಗೆ ಹೋದರೆ ಸೋತ ಅಂತಲ್ಲ, ಐದು ನಿಮಿಷ ಬಿಟ್ಟು ಮತ್ತೆ ಒಳಗೆ ಬಂದರಾಯಿತು. ಅಕ್ಷತೆಯ ಹೊತ್ತಿಗೆ ಅವನು ಬಾಗಿಲ ಹತ್ತಿರವೇ ನಿಂತಿದ್ದರೆ ಯಾರೂ ಕೈ ಹಿಡಿದು ಮುಂದೆ ಎಳೆಯಬಾರದು ಎಂದು ನಿಮ್ಮ ಅಪ್ಪನಿಗೆ ಈಗಲೇ ಹೇಳಿಡಿ.