ಮಾತು ಕಡಿಮೆಯ ಮಗಳಿಗೆ ಯಾವ ಕ್ಯಾಂಪಸ್?

ಓದುಗರ ಪತ್ರ: ಮಗಳು ಕ್ಯೂಪರ್ಟಿನೋದ ಡಿ ಆನ್ಜಾ ಕಮ್ಯುನಿಟಿ ಕಾಲೇಜಿನಲ್ಲಿ (ಪದವಿಯ ಮೊದಲ ಎರಡು ವರ್ಷ ಓದುವ ಕಾಲೇಜು) ಬಯಾಲಜಿ ಮೊದಲ ವರ್ಷ. ಮುಂದಿನ ವರ್ಷ ಹಲವು ಊರುಗಳಲ್ಲಿ ಕ್ಯಾಂಪಸ್ ಇರುವ ಯುನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ (ಯುಸಿ) ಟ್ರಾನ್ಸ್‌ಫರ್ ಆಗಬೇಕು. ಮಾತು ಕಡಿಮೆ, ಗಿಡ, ಹಕ್ಕಿ ಎಂದರೆ ಪ್ರಾಣ. ಆನ್‌ಲೈನಿನ ಸ್ವಭಾವ ಪರೀಕ್ಷೆಯೊಂದು ‘ಅಂತರ್ಮುಖಿ, ಸಣ್ಣ ಕಾಲೇಜು ನೋಡಿ’ ಎಂದಿತು. ನೆಂಟರ ಬಾಯಲ್ಲಿ ಬರ್ಕ್ಲಿ ಬಿಟ್ಟರೆ ಬೇರೆ ಹೆಸರೇ ಇಲ್ಲ. ಅವಳಿಗೆ ಯಾವುದು ಒಗ್ಗೀತು? – ಒಬ್ಬ ತಾಯಿ, ಸನ್ನಿವೇಲ್

ಸಂಪಾದಕರ ಉತ್ತರ: ಮೊದಲು ಆ ಪರೀಕ್ಷೆಯ ಫಲಿತಾಂಶವನ್ನು ಬದಿಗಿಡಿ. ತಾನಾಗಿ ಹೋಗಿ ಯಾರನ್ನೂ ಮಾತಾಡಿಸದ ಹುಡುಗಿ ಸದ್ದಿಲ್ಲದ ಊರಿನಲ್ಲಿ ಇನ್ನಷ್ಟು ಒಂಟಿಯಾಗುತ್ತಾಳೆ. ಅದೇ ನಾಲ್ಕು ಮುಖಗಳು ಕೆಲಸದ ನೆಪದಲ್ಲಿ ವಾರಕ್ಕೆ ಎರಡು ಮೂರು ಸಲ ಎದುರಾಗುವ ಜಾಗ ಅವಳಿಗೆ ಬೇಕು. ಟ್ರಾನ್ಸ್‌ಫರ್ ಆದವರಿಗೆ ಈ ಮಾತು ದುಪ್ಪಟ್ಟು ಅನ್ವಯಿಸುತ್ತದೆ. ಹೈಸ್ಕೂಲಿನಿಂದ ನೇರ ಬಂದವರು ಎರಡು ವರ್ಷ ಒಟ್ಟಿಗಿದ್ದು ಗುಂಪು ಕಟ್ಟಿಕೊಂಡಿರುತ್ತಾರೆ. ಇವಳು ಮೂರನೇ ವರ್ಷಕ್ಕೆ ನೇರ ಕಾಲಿಡುವವಳು.

ಸಮಯವೂ ಕಡಿಮೆ. ಯುಸಿಯಲ್ಲಿ ಪದವಿ ತರಗತಿಗಳಿಗೆ ಸೆಮಿಸ್ಟರ್ ಪದ್ಧತಿ ಇರುವುದು ಬರ್ಕ್ಲಿ ಮತ್ತು ಮರ್ಸೆಡ್‌ನಲ್ಲಿ ಮಾತ್ರ. ಉಳಿದೆಡೆ ಕ್ವಾರ್ಟರ್: ಹತ್ತು ವಾರ ಪಾಠ, ಮೇಲೊಂದು ವಾರ ಪರೀಕ್ಷೆ. ನಾಲ್ಕನೇ ವಾರಕ್ಕೆಲ್ಲ ಮೊದಲ ಮಿಡ್‌ಟರ್ಮ್ ಬಂದು ನಿಲ್ಲುತ್ತದೆ. ಡಿ ಆನ್ಜಾ ಕೂಡ ಕ್ವಾರ್ಟರ್ ಕಾಲೇಜೇ ಆದ್ದರಿಂದ ಓಟದ ಅಭ್ಯಾಸ ಅವಳಿಗಿದೆ. ಆದರೆ ಹೊಸ ಜಾಗದಲ್ಲಿ ಬಾಯಿ ಬಿಡಲು ಅವಳಿಗೆ ಎರಡು ತಿಂಗಳು ಬೇಕೆಂದಾದರೆ ಅಷ್ಟರಲ್ಲಿ ಒಂದು ಕ್ವಾರ್ಟರ್ ಮುಗಿದೇ ಹೋಗಿರುತ್ತದೆ. ಎರಡು ವರ್ಷಕ್ಕೆ ಸಿಗುವುದು ಆರೇ ಕ್ವಾರ್ಟರ್.

ಇನ್ನು ಹೆಚ್ಚಿನವರು ಎಡವುವ ಕಡೆಗೆ ಬರೋಣ. ಎಲ್ಲರೂ ಸ್ವಭಾವವನ್ನು ಕ್ಯಾಂಪಸ್‌ಗೆ ಹೋಲಿಸುತ್ತಾರೆ, ಮೇಜರ್‌ಗೆ, ಅಂದರೆ ಪದವಿಯ ಮುಖ್ಯ ವಿಷಯಕ್ಕೆ, ಹೋಲಿಸುವುದಿಲ್ಲ. ಬರೀ ‘ಬಯಾಲಜಿ’ ಎಂದು ಬರೆದರೆ ಅವಳ ಅಕ್ಕಪಕ್ಕ ಕೂರುವವರಲ್ಲಿ ಬಹಳಷ್ಟು ಮಂದಿ ಮೆಡಿಕಲ್ ಸ್ಕೂಲಿನ ಕನಸಿನವರು, ಅರ್ಧ ಅಂಕಕ್ಕೆ ಜೀವ ಬಿಡುವವರು. ಡೇವಿಸ್‌ನಲ್ಲಿ ‘ವೈಲ್ಡ್‌ಲೈಫ್, ಫಿಶ್ ಅಂಡ್ ಕನ್ಸರ್ವೇಶನ್ ಬಯಾಲಜಿ’ ಎಂಬ ಮೇಜರ್ ಇದೆ. ಸ್ಯಾಂಟಾ ಕ್ರೂಜ್‌ನಲ್ಲಿ ‘ಇಕಾಲಜಿ ಅಂಡ್ ಎವಲ್ಯೂಶನ್’, ಬರ್ಕ್ಲಿಯ ರೌಸರ್ ಕಾಲೇಜಿನಲ್ಲಿ ‘ಕನ್ಸರ್ವೇಶನ್ ಅಂಡ್ ರಿಸೋರ್ಸ್ ಸ್ಟಡೀಸ್’ ಇವೆ. ಇಂಥ ಕಡೆ ಸಹಪಾಠಿಗಳ ಜೊತೆ ಕೆಸರು ತುಳಿದು, ಒಂದೇ ದುರ್ಬೀನನ್ನು ಹಂಚಿಕೊಂಡು ಓದುವ ಅವಕಾಶ ಹೆಚ್ಚು. ಮಾತು ಬಾರದವರಿಗೂ ಅಲ್ಲಿ ಮಾತು ಹುಟ್ಟುತ್ತದೆ.

ಇನ್ನೊಂದು ಉಪಾಯವಿದೆ. ಬರ್ಕ್ಲಿಯಲ್ಲಿ 1908ರಲ್ಲಿ ಆರಂಭವಾದ ಕಶೇರುಕ ಪ್ರಾಣಿಗಳ ಮ್ಯೂಸಿಯಂ, ಡೇವಿಸ್‌ನಲ್ಲಿ ವನ್ಯಜೀವಿ ಮತ್ತು ಮೀನುಗಳ ಮ್ಯೂಸಿಯಂ, ಸ್ಯಾಂಟಾ ಕ್ರೂಜ್‌ನಲ್ಲಿ ಪ್ರಕೃತಿ ಇತಿಹಾಸದ ನಾರಿಸ್ ಸೆಂಟರ್ ಇವೆ. ಮೂರೂ ಕಡೆ ಪದವಿ ವಿದ್ಯಾರ್ಥಿಗಳನ್ನು ಕೆಲಸಕ್ಕೆ ಸೇರಿಸಿಕೊಳ್ಳುತ್ತಾರೆ. ಸತ್ತ ಹಕ್ಕಿಯ ಚರ್ಮ ಬಿಡಿಸಿ, ಒಳಗೆ ಹತ್ತಿ ತುಂಬಿ, ಸಿಕ್ಕ ಜಾಗ ಮತ್ತು ದಿನಾಂಕ ಬರೆದ ಚೀಟಿಯನ್ನು ಕಾಲಿಗೆ ಕಟ್ಟುವ ಕೆಲಸ. ಒಂದೇ ಮೇಜಿನ ಸುತ್ತ ತಲೆ ಬಗ್ಗಿಸಿ ಕೂತು ಗಂಟೆಗಟ್ಟಲೆ ಮಾಡುವಂಥದ್ದು. ಸ್ವಯಂಸೇವಕರನ್ನು ಯಾವಾಗ ತೆಗೆದುಕೊಳ್ಳುತ್ತೀರಿ, ಟ್ರಾನ್ಸ್‌ಫರ್ ವಿದ್ಯಾರ್ಥಿ ಮೊದಲ ಟರ್ಮಿನಲ್ಲೇ ಸೇರಬಹುದೇ ಎಂದು ಅವಳೇ ಈಮೇಲ್ ಬರೆದು ಕೇಳಲಿ. ಉತ್ತರ ಬರುವ ರೀತಿಯಿಂದಲೇ ಅರ್ಧ ವಿಷಯ ತಿಳಿಯುತ್ತದೆ.

ಆಮೇಲೆ ಪ್ರತಿ ಕ್ಯಾಂಪಸ್ಸಿನ ಕ್ಲಾಸ್ ಶೆಡ್ಯೂಲ್ ತೆರೆಯಿರಿ, ಎಲ್ಲರಿಗೂ ಕಾಣುವಂತೆ ಇರುತ್ತದೆ. ಆ ಮೇಜರ್‌ನ ಮೂರನೇ ವರ್ಷದ ಮೂರು ಕೋರ್ಸ್ ಆರಿಸಿ. ಉಪನ್ಯಾಸಕ್ಕೆ ಎಷ್ಟು ಸೀಟು, ಲ್ಯಾಬ್ ಅಥವಾ ಡಿಸ್ಕಶನ್ ಸೆಕ್ಷನ್ (ಸಣ್ಣ ಗುಂಪಿನ ಚರ್ಚಾ ತರಗತಿ) ಕಡ್ಡಾಯವೇ, ಅದರಲ್ಲಿ ಎಷ್ಟು ಸೀಟು ಎಂದು ಬರೆದುಕೊಳ್ಳಿ. 200 ಸೀಟಿನ ಉಪನ್ಯಾಸಕ್ಕೆ 24 ಸೀಟಿನ ಕಡ್ಡಾಯ ಲ್ಯಾಬ್ ಅಂಟಿಕೊಂಡಿದ್ದರೆ ಹೆದರಬೇಕಿಲ್ಲ. 70 ಸೀಟಿನದೇ ಆದರೂ ಲ್ಯಾಬ್, ಸೆಕ್ಷನ್ ಎರಡೂ ಇಲ್ಲದಿದ್ದರೆ ಅವಳು ಹಿಂದಿನ ಬೆಂಚಿನಲ್ಲಿ ಕರಗಿಹೋಗುತ್ತಾಳೆ.

ಹೋಗಿ ನೋಡುವುದಕ್ಕೂ ಕ್ರಮವಿದೆ. ಬರ್ಕ್ಲಿಯಲ್ಲಿ ಮೇ ತಿಂಗಳ ಮೊದಲ ದಿನಗಳಿಗೆ ಪಾಠ ಮುಗಿಯುತ್ತದೆ, ಆದ್ದರಿಂದ ಅದು ಏಪ್ರಿಲ್‌ನಲ್ಲೇ ಆಗಲಿ. ಡೇವಿಸ್, ಸ್ಯಾಂಟಾ ಕ್ರೂಜ್‌ಗೆ ಮೇ ಇಡೀ ಇದೆ. ಶನಿವಾರದ ಟೂರ್ ಬೇಡ, ಅಂದು ಕಾಣುವುದು ಕಟ್ಟಡ ಮಾತ್ರ. ವಾರದ ನಡುವೆ ಹೋಗಿ ಒಂದು ತರಗತಿಯಲ್ಲಿ ಕೂರಲಿ, ಮೊದಲೇ ಅಧ್ಯಾಪಕರ ಒಪ್ಪಿಗೆ ಪಡೆದು. ಸಂಜೆ ಊಟದ ಹೊತ್ತಿನವರೆಗೂ ಅಲ್ಲೇ ಇರಲಿ. ಶುಕ್ರವಾರ ಐದು ಗಂಟೆಗೆ ಪಾರ್ಕಿಂಗ್ ಲಾಟ್ ಖಾಲಿಯಾಗುವ ಕ್ಯಾಂಪಸ್ ವಾರಾಂತ್ಯದಲ್ಲಿ ಹೇಗಿರುತ್ತದೆಂದು ಬೇರೆ ಹೇಳಬೇಕೆ?

ಡೇವಿಸ್ ಸಪಾಟು ಊರು, ಸೈಕಲ್ಲಿದ್ದರೆ ಸಾಕು, ಕ್ಯಾಂಪಸ್ಸಿನೊಳಗೇ ಹಳೆಯ ಪ್ಯೂಟಾ ಕ್ರೀಕ್ ಉದ್ದಕ್ಕೂ ಸಸ್ಯೋದ್ಯಾನ. ಸ್ಯಾಂಟಾ ಕ್ರೂಜ್ ಗುಡ್ಡದ ಮೇಲೆ ರೆಡ್‌ವುಡ್ ಮರಗಳ ನಡುವಿದೆ. ಅಲ್ಲಿ ಪ್ರತಿ ವಿದ್ಯಾರ್ಥಿಯೂ ಕ್ಯಾಂಪಸ್ಸಿನೊಳಗಿನ ಹತ್ತು ವಸತಿ ಕಾಲೇಜುಗಳಲ್ಲಿ ಒಂದಕ್ಕೆ ಸೇರಿರುವುದರಿಂದ ದೊಡ್ಡ ವಿಶ್ವವಿದ್ಯಾಲಯ ಸಣ್ಣದಾಗುತ್ತದೆ. ಆದರೆ ಊರಲ್ಲಿ ಬಾಡಿಗೆ ಮನೆ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಬರ್ಕ್ಲಿಯಲ್ಲಿ ಎಲ್ಲವೂ ಇದೆ, ಕೇಳಿ ಪಡೆಯಬೇಕು. ಅಲ್ಲಿ ಹಲವು ಕ್ಲಬ್ ಸೇರಲೂ ಅರ್ಜಿ, ಸಂದರ್ಶನ. ನಿಮ್ಮ ಮಗಳಿಗೆ ಆ ಸಂದರ್ಶನಗಳೇ ಸುಸ್ತು ಮಾಡಿಯಾವು.

ನಮ್ಮ ಲೆಕ್ಕದಲ್ಲಿ ಡೇವಿಸ್ ಮೊದಲು, ಸ್ಯಾಂಟಾ ಕ್ರೂಜ್ ಆಮೇಲೆ. ಪ್ರವೇಶದ ಖಾತರಿ ಕೊಡುವ ‘ಟ್ಯಾಗ್’ ಯೋಜನೆಯಲ್ಲಿ ಇವೆರಡೂ ಇವೆ. ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ ಸಹ ಇವೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ ಇಲ್ಲ. ಟ್ಯಾಗ್ ಒಂದೇ ಕ್ಯಾಂಪಸ್‌ಗೆ ಸಿಗುವುದು, ಅರ್ಜಿ ಸೆಪ್ಟೆಂಬರ್ 1ರಿಂದ 30. ಅದನ್ನು ಹಾಕಿದರೆ ಮುಗಿಯಲಿಲ್ಲ: ನವೆಂಬರ್ ಕೊನೆಯೊಳಗೆ ಯುಸಿಯ ಮುಖ್ಯ ಅರ್ಜಿಯನ್ನೂ ಸಲ್ಲಿಸಬೇಕು. ಬೇಕಿದ್ದರೆ ಅದರಲ್ಲಿ ನೆಂಟರ ಸಮಾಧಾನಕ್ಕೆ ಬರ್ಕ್ಲಿಯನ್ನೂ ಸೇರಿಸಿ. ಜನವರಿ 31ರೊಳಗೆ ಹೊಸ ಅಂಕಗಳ ಅಪ್‌ಡೇಟ್ ಕೊಡುವುದನ್ನು ಬಹಳ ಮಂದಿ ಮರೆಯುತ್ತಾರೆ.

ಟ್ರಾನ್ಸ್‌ಫರ್ ಹೊತ್ತಿಗೆ 90 ಕ್ವಾರ್ಟರ್ ಯೂನಿಟ್ (ಮುಗಿಸಿದ ಕೋರ್ಸ್‌ಗಳಿಗೆ ಸಿಗುವ ಕ್ರೆಡಿಟ್) ಆಗಿರಬೇಕು. ಯಾವ ಯೂನಿಟ್ ಎಂಬುದನ್ನು, ಯಾವ ಕೋರ್ಸ್ ಎಲ್ಲಿ ಸಲ್ಲುತ್ತದೆಂದು ತೋರಿಸುವ ‘ಅಸಿಸ್ಟ್’ ಜಾಲತಾಣದಲ್ಲಿ ಡಿ ಆನ್ಜಾ, ಕ್ಯಾಂಪಸ್, ಮೇಜರ್ ಮೂರನ್ನೂ ಆರಿಸಿ ನೋಡಿ, ಮೇಜರ್ ಬದಲಾದರೆ ಪಟ್ಟಿಯೂ ಬದಲಾಗುತ್ತದೆ. ಸರಣಿ ಕೋರ್ಸ್‌ಗಳನ್ನು ನಡುವೆ ಮುರಿಯಬಾರದು. ಆರ್ಗ್ಯಾನಿಕ್ ಕೆಮಿಸ್ಟ್ರಿ ಬೇಕೆಂದಿದ್ದರೆ 12ಎ, 12ಬಿ, 12ಸಿ ಮೂರನ್ನೂ ಡಿ ಆನ್ಜಾದಲ್ಲೇ ಮುಗಿಸಲಿ. ಎರಡು ಮುಗಿಸಿ ಸೆಮಿಸ್ಟರ್ ಪದ್ಧತಿಯ ಬರ್ಕ್ಲಿಗೆ ಹೋದರೆ ಓದಿದ್ದನ್ನೇ ಮತ್ತೆ ಓದುವ ಪಾಡು ಬಂದೀತು.

ಕಾಲೇಜಿನ ಸಲಹೆಗಾರರ ಬಳಿ ನೀವು ಹೋಗಬೇಡಿ, ಅವಳೇ ಹೋಗಲಿ. ಕಾಲೇಜು ಸೇರಿದ ಮೇಲೆ ದಾಖಲೆಗಳ ಹಕ್ಕು ಅಮೆರಿಕದ ಕಾನೂನಿನಲ್ಲಿ ವಿದ್ಯಾರ್ಥಿಯದು. ಅವಳ ಒಪ್ಪಿಗೆ ಇಲ್ಲದೆ ನಿಮ್ಮೊಂದಿಗೆ ಅವರು ಬಾಯಿ ಬಿಡಲಾರರು.

ಸೀಟು ಸಿಕ್ಕು ಜೂನ್ 1ರೊಳಗೆ ಒಪ್ಪಿಗೆ ಕೊಟ್ಟ ಕೂಡಲೇ ವಸತಿಯ ಅರ್ಜಿ ತುಂಬಲಿ. ಅವಳು ಒಂಟಿ ಕೋಣೆ ಕೇಳುತ್ತಾಳೆ, ಗೊತ್ತಿರುವ ವಿಷಯ. ಟ್ರಾನ್ಸ್‌ಫರ್ ವಿದ್ಯಾರ್ಥಿಗಳಿಗೇ ಮೀಸಲಾದ ಅಪಾರ್ಟ್‌ಮೆಂಟ್ ಇದ್ದರೆ ಅದನ್ನು ಮೊದಲ ಆಯ್ಕೆಯಾಗಿ ಹಾಕಿಸಿ, ಒಳಗೆ ಬೇಕಾದರೆ ಒಂಟಿ ಕೋಣೆ, ಅಡುಗೆಮನೆ ಮಾತ್ರ ಹಂಚಿಕೊಂಡದ್ದು. ಹೆದ್ದಾರಿ 17 ದಾಟಿದರೆ ಸ್ಯಾಂಟಾ ಕ್ರೂಜ್ ನಿಮಗೆ ಮೂವತ್ತು ಚಿಲ್ಲರೆ ಮೈಲಿ, ಡೇವಿಸ್ ನೂರರ ಆಸುಪಾಸು. ಯಾವುದೇ ಆಗಲಿ, ಮೊದಲ ಆರು ವಾರ ಸಾರಿನ ಡಬ್ಬಿ ಹಿಡಿದು ಶುಕ್ರವಾರ ಕಾರು ಹತ್ತಬೇಡಿ.